ಹತ್ತು ಎಂದರೆ ಹೌದು: ಒಂದು ಹಜಾರ್ಡ್ ಅನುಪಾತವನ್ನು ತಪ್ಪಾಗಿ ಓದಿದ ಪ್ರಕರಣ

ಕೆಲವು ವರ್ಷಗಳ ಹಿಂದೆ ವೈದ್ಯಕೀಯ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಬದುಕುಳಿಕೆ ವಿಶ್ಲೇಷಣೆಯ (ಸಾವಿನಂಥ ಘಟನೆ ಎಷ್ಟು ಕಾಲದ ನಂತರ ನಡೆಯುತ್ತದೆ ಎಂಬುದರ ಅಧ್ಯಯನದ) ಪಾಠ ಮಾಡುತ್ತಿದ್ದಾಗ ನಾನು ಬೋರ್ಡಿನ ಮೇಲೆ ಹೀಗೊಂದು ವಾಕ್ಯ ಬರೆದೆ: ‘ಹಿಂದೆ ಚಿಕಿತ್ಸೆ ಪಡೆದಿದ್ದರೂ ಪಡೆಯದಿದ್ದರೂ ಸಾವಿನ ಹಜಾರ್ಡ್‌ನಲ್ಲಿ ವ್ಯತ್ಯಾಸವಿಲ್ಲ, ಅನುಪಾತ 1.007, ಶೇ. 95ರ ವಿಶ್ವಾಸ ಅಂತರ 0.96ರಿಂದ 1.05.’ ಹಜಾರ್ಡ್ ಎಂದರೆ ಆಯಾ ಹೊತ್ತಿನ ಸಾವಿನ ತೀವ್ರತೆ; ಅನುಪಾತ ಒಂದು ಎಂದರೆ ಅದು ಎರಡೂ ಗುಂಪುಗಳಿಗೆ ಸಮ; ವಿಶ್ವಾಸ ಅಂತರ ಎಂದರೆ ನಿಜವಾದ ಅನುಪಾತ ಇರಬಹುದಾದ ವ್ಯಾಪ್ತಿ. ವಾಕ್ಯ ಅಚ್ಚುಕಟ್ಟಾಗಿ ಕಂಡಿತು. ಅನುಪಾತ ಒಂದಕ್ಕೆ ಅಂಟಿಕೊಂಡಿದೆ, ಅಂತರವೂ ಕಿರಿದಾಗಿದೆ, ಆದ್ದರಿಂದ ಪರಿಣಾಮವಿಲ್ಲ ಎಂಬುದನ್ನು ಧೈರ್ಯವಾಗಿ ಹೇಳಬಹುದು ಎಂದು ವಿವರಿಸಿಯೂ ಬಿಟ್ಟೆ. ಎರಡನೆಯ ಸಾಲಿನಲ್ಲಿ ಕುಳಿತಿದ್ದ ವಿದ್ಯಾರ್ಥಿನಿಯೊಬ್ಬಳು ಎದ್ದು, ‘ಒಟ್ಟು 137 ಜನರಲ್ಲಿ ಹಿಂದೆ ಚಿಕಿತ್ಸೆ ಪಡೆದವರು 40 ಮಂದಿ ಮಾತ್ರ. ಇಷ್ಟು ಕಡಿಮೆ ಜನರಿಂದ ಅಷ್ಟು ಕಿರಿದಾದ ಅಂತರ ಹೇಗೆ ಬಂತು?’ ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಅಂದು ಸಂಜೆ ದತ್ತಾಂಶದ ಕಡತವನ್ನು ಮತ್ತೆ ತೆರೆದು ನೋಡಿದಾಗ ತಪ್ಪು ಲೆಕ್ಕದಲ್ಲಿರಲಿಲ್ಲ, ಗುಂಪಿಗೆ ಕೊಟ್ಟ ಅಂಕಿಯಲ್ಲಿತ್ತು. ಆ ಒಂದು ಅಂಕಿಯಿಂದ ಶುರುವಾಗಿ ಇಡೀ ಕೋಷ್ಟಕವನ್ನೇ ಹೊಸದಾಗಿ ಓದಬೇಕಾಗಿ ಬಂದ ಬಗೆಯನ್ನು ಇಲ್ಲಿ ದಾಖಲಿಸಿದ್ದೇನೆ.

ದತ್ತಾಂಶ

ಈ ದತ್ತಾಂಶ ಯಾರಿಗೂ ಗುಟ್ಟಿನದಲ್ಲ. ಅಮೆರಿಕದ ವೆಟರನ್ಸ್ ಅಡ್ಮಿನಿಸ್ಟ್ರೇಷನ್‌ನ ಪ್ರಯೋಗವೊಂದರಲ್ಲಿ, ಶಸ್ತ್ರಚಿಕಿತ್ಸೆ ಸಾಧ್ಯವಾಗದಷ್ಟು ಮುಂದುವರಿದ ಶ್ವಾಸಕೋಶದ ಕ್ಯಾನ್ಸರ್ ಇದ್ದ ಪುರುಷರನ್ನು ಯಾದೃಚ್ಛಿಕವಾಗಿ ಎರಡು ಗುಂಪು ಮಾಡಿ, ಒಂದಕ್ಕೆ ರೂಢಿಯ ಕೀಮೊಥೆರಪಿಯನ್ನೂ ಇನ್ನೊಂದಕ್ಕೆ ಪರೀಕ್ಷೆಯ ಕೀಮೊಥೆರಪಿಯನ್ನೂ ಕೊಡಲಾಗಿತ್ತು. ಕಾಲ್ಬ್‌ಫ್ಲೈಷ್ ಮತ್ತು ಪ್ರೆಂಟಿಸ್ ಅವರ 1980ರ ಪಠ್ಯಪುಸ್ತಕದ ಮೂಲಕ ಹೆಸರಾದ ಈ ಅಂಕಿಅಂಶಗಳು ಈಗ ಆರ್ ಎಂಬ ಸಂಖ್ಯಾಶಾಸ್ತ್ರದ ಗಣಕ ಭಾಷೆಯ ಸರ್ವೈವಲ್ ಪ್ಯಾಕೇಜಿನಲ್ಲಿ ‘ವೆಟರನ್’ ಎಂಬ ಹೆಸರಿನಲ್ಲಿ ಎಲ್ಲರಿಗೂ ಸಿಗುತ್ತವೆ. ರೂಢಿಯ ಗುಂಪಿನಲ್ಲಿ 69 ಮಂದಿ, ಪರೀಕ್ಷೆಯ ಗುಂಪಿನಲ್ಲಿ 68. ಒಟ್ಟು 128 ಸಾವು. ಉಳಿದ 9 ಮಂದಿ ಸೆನ್ಸರ್ ಆದವರು, ಅಂದರೆ ಇಂತಿಷ್ಟು ದಿನ ಬದುಕಿದ್ದರು ಎಂಬುದು ಮಾತ್ರ ಗೊತ್ತಿರುವವರು.

ಕಡತದ ಮೊದಲ ಎರಡು ಸಾಲುಗಳನ್ನು ಹತ್ತಿರದಿಂದ ನೋಡಿದರೆ ಕಥೆಯ ಅರ್ಧ ಅಲ್ಲೇ ಇದೆ. ಮೊದಲ ವ್ಯಕ್ತಿ: ಚಿಕಿತ್ಸೆ 1 (ರೂಢಿಯದು), ಗೆಡ್ಡೆಯ ಪ್ರಕಾರ ಸ್ಕ್ವೇಮಸ್ ಕೋಶ, 72 ದಿನ, ಸ್ಥಿತಿ 1 (ಮೃತ), ಕಾರ್ನಾಫ್‌ಸ್ಕಿ ಅಂಕ (ರೋಗಿಯ ದೈಹಿಕ ಸ್ಥಿತಿಯ ಅಳತೆ, ಹೆಚ್ಚಿದ್ದಷ್ಟೂ ಒಳ್ಳೆಯದು) 60, ರೋಗ ಪತ್ತೆಯಾಗಿ 7 ತಿಂಗಳು, ವಯಸ್ಸು 69, ಹಿಂದಿನ ಚಿಕಿತ್ಸೆ 0. ಎರಡನೆಯವರು: ಚಿಕಿತ್ಸೆ 1, ಸ್ಕ್ವೇಮಸ್, 411 ದಿನ, ಸ್ಥಿತಿ 1, ಅಂಕ 70, 5 ತಿಂಗಳು, ವಯಸ್ಸು 64, ಹಿಂದಿನ ಚಿಕಿತ್ಸೆ 10. ಈ ಕೊನೆಯ 10 ಎಂಬುದು ತಿಂಗಳಲ್ಲ, ಸಲವಲ್ಲ, ಡೋಸ್ ಕೂಡ ಅಲ್ಲ. 0 ಎಂದರೆ ಇಲ್ಲ, 10 ಎಂದರೆ ಹೌದು, ಅಷ್ಟೇ. ಪ್ಯಾಕೇಜಿನ ಸಹಾಯಪುಟದಲ್ಲಿ ಇದು ಸ್ಪಷ್ಟವಾಗಿಯೇ ಬರೆದಿದೆ. ಓದದೆ ಹೋದದ್ದು ನಾನು.

ಪ್ರತಿಯೊಂದು ಚರವೂ ಹಜಾರ್ಡನ್ನು ಎಷ್ಟು ಬದಲಿಸುತ್ತದೆ ಎಂದು ಅಂದಾಜಿಸುವ ವಿಧಾನ ಕಾಕ್ಸ್ ಹಿಂಚಲನೆ. ಎಲ್ಲ ಚರಗಳನ್ನೂ ಒಟ್ಟಿಗೆ ಹಾಕಿ ಅದನ್ನು ನಡೆಸಿದಾಗ ಬರುವ ಫಲಿತಾಂಶದಲ್ಲಿ ನಮಗೆ ಬೇಕಾದ ಸಾಲುಗಳು ಇವು. ಸಣ್ಣಕೋಶ, ಅಡೆನೊ, ದೊಡ್ಡಕೋಶ ಎಂಬವು ಗೆಡ್ಡೆಯ ಕೋಶಪ್ರಕಾರಗಳು, ಇಲ್ಲಿ ಸ್ಕ್ವೇಮಸ್‌ಗೆ ಹೋಲಿಸಿದವು. ಪ್ರಮಾಣಿತ ದೋಷ ಎಂಬುದು ಗುಣಾಂಕದ ಅನಿಶ್ಚಿತತೆಯ ಅಳತೆ; ಪಿ-ಮೌಲ್ಯ ಎಂಬುದು ನಿಜವಾಗಿ ಪರಿಣಾಮವೇ ಇಲ್ಲದಿದ್ದರೂ ಕನಿಷ್ಠ ಇಷ್ಟು ವ್ಯತ್ಯಾಸ ಕಾಣುವ ಸಂಭವನೀಯತೆ.

| ಚರ | ಗುಣಾಂಕ | ಹಜಾರ್ಡ್ ಅನುಪಾತ | ಪ್ರಮಾಣಿತ ದೋಷ | ಪಿ-ಮೌಲ್ಯ |
|---|---|---|---|---|
| ಚಿಕಿತ್ಸೆ (1, 2) | 0.2946 | 1.343 | 0.2075 | 0.156 |
| ಸಣ್ಣಕೋಶ | 0.8616 | 2.367 | 0.2753 | 0.002 |
| ಅಡೆನೊ | 1.196 | 3.307 | 0.3009 | 0.0001ಕ್ಕಿಂತ ಕಡಿಮೆ |
| ದೊಡ್ಡಕೋಶ | 0.4013 | 1.494 | 0.2827 | 0.156 |
| ಕಾರ್ನಾಫ್‌ಸ್ಕಿ ಅಂಕ | −0.0328 | 0.968 | 0.0055 | 0.0001ಕ್ಕಿಂತ ಕಡಿಮೆ |
| ಹಿಂದಿನ ಚಿಕಿತ್ಸೆ (0, 10) | 0.00716 | 1.007 | 0.0232 | 0.758 |

ವಯಸ್ಸು ಮತ್ತು ರೋಗ ಪತ್ತೆಯಾದ ಅವಧಿ ಕೂಡ ಮಾದರಿಯಲ್ಲಿವೆ. ಅವೆರಡರಲ್ಲೂ ಹೇಳಿಕೊಳ್ಳುವಂಥದ್ದೇನೂ ಕಾಣಲಿಲ್ಲವಾದ್ದರಿಂದ ಅವನ್ನು ಬಿಟ್ಟಿದ್ದೇನೆ.

ಹತ್ತರ ಗುಟ್ಟು

1972ರಲ್ಲಿ ಡೇವಿಡ್ ಕಾಕ್ಸ್ ಮುಂದಿಟ್ಟ ಮಾದರಿಯ ಸಾರ ಸರಳ. ಯಾವುದೇ ದಿನ, ಅಲ್ಲಿಯವರೆಗೆ ಬದುಕಿರುವ ವ್ಯಕ್ತಿಯೊಬ್ಬನು ಆ ದಿನ ಸಾಯುವ ತೀವ್ರತೆಯನ್ನು ಹಜಾರ್ಡ್ ಎನ್ನುತ್ತೇವೆ. ಪ್ರತಿಯೊಬ್ಬನ ಹಜಾರ್ಡ್ ಎಂದರೆ ಎಲ್ಲರಿಗೂ ಸಮಾನವಾದ ಒಂದು ಮೂಲ ಹಜಾರ್ಡ್ ಮತ್ತು ಆ ವ್ಯಕ್ತಿಯ ಚರಗಳಿಂದ ಬಂದ ಒಂದು ಗುಣಕ, ಇವೆರಡರ ಗುಣಲಬ್ಧ. ಆ ಗುಣಕದ ಲಘುಗಣಕವು ಚರ ಮತ್ತು ಗುಣಾಂಕಗಳ ಗುಣಲಬ್ಧಗಳ ಮೊತ್ತ. ಹೀಗಾಗಿ ಯಂತ್ರವು ಮುದ್ರಿಸುವ ಹಜಾರ್ಡ್ ಅನುಪಾತ ಸದಾ ‘ಈ ಚರ ಒಂದು ಏರಿದರೆ’ ಎಂಬ ಪ್ರಶ್ನೆಗೆ ಕೊಟ್ಟ ಉತ್ತರ. ಆ ಒಂದು ಏರಿಕೆಗೆ ನಿಜ ಜಗತ್ತಿನಲ್ಲಿ ಅರ್ಥವಿದೆಯೋ ಇಲ್ಲವೋ ಎಂಬುದು ಯಂತ್ರದ ಕಾಳಜಿಯಲ್ಲ. ನಮ್ಮ ಕಡತದಲ್ಲಿ ಹಿಂದಿನ ಚಿಕಿತ್ಸೆಯ ಬೆಲೆ 3 ಅಥವಾ 4 ಇರುವ ಮನುಷ್ಯ ಒಬ್ಬನೂ ಇಲ್ಲ; 0 ಇದೆ, 10 ಇದೆ. ನಾನು ಬೋರ್ಡಿನ ಮೇಲೆ ಬರೆದ 1.007 ಎಂಬುದು ‘ಇಲ್ಲ’ದಿಂದ ‘ಹೌದು’ ಎಂಬಲ್ಲಿಗೆ ಹೋಗುವ ದಾರಿಯ ಹತ್ತನೆಯ ಒಂದು ಭಾಗದ ಅನುಪಾತವಾಗಿತ್ತು.

ಸರಿಯಾದ ಅನುಪಾತ ಬೇಕಾದರೆ ಗುಣಾಂಕವನ್ನು ಹತ್ತರಿಂದ ಗುಣಿಸಿ ಆಮೇಲೆ e ಎಂಬ ಸಂಖ್ಯೆಯನ್ನು ಆ ಘಾತಕ್ಕೇರಿಸಬೇಕು: ಗುಣಿಸಿದಾಗ 0.0716, ಘಾತಕ್ಕೇರಿಸಿದಾಗ 1.07. ಇದರಿಂದ ತಲೆ ಕೆಡಿಸಿಕೊಳ್ಳುವಂಥದ್ದೇನೂ ಆಗಲಿಲ್ಲವಲ್ಲ, ಒಂದರ ಹತ್ತಿರವೇ ಇದೆಯಲ್ಲ ಎಂದು ಯಾರಾದರೂ ಹೇಳಬಹುದು. ಏಟು ಬಿದ್ದದ್ದು ವಿಶ್ವಾಸ ಅಂತರಕ್ಕೆ. ಅದರ ಎರಡು ತುದಿಗಳನ್ನೂ ಹೀಗೆಯೇ ಹಿಗ್ಗಿಸಿದಾಗ 0.96ರಿಂದ 1.05 ಇದ್ದದ್ದು 0.68ರಿಂದ 1.69 ಆಗುತ್ತದೆ. ಹಿಂದೆ ಚಿಕಿತ್ಸೆ ಪಡೆದವರ ಹಜಾರ್ಡ್ ಮೂರನೆಯ ಒಂದು ಭಾಗದಷ್ಟು ಕಡಿಮೆಯಿರಬಹುದು, ಮೂರನೆಯ ಎರಡು ಭಾಗದಷ್ಟು ಹೆಚ್ಚೂ ಇರಬಹುದು. ಈ ದತ್ತಾಂಶಕ್ಕೆ ಅದನ್ನು ತೀರ್ಮಾನಿಸುವ ಶಕ್ತಿಯಿಲ್ಲ. ‘ಪರಿಣಾಮವಿಲ್ಲ’ ಎಂಬುದಕ್ಕೂ ‘ಪರಿಣಾಮವಿದೆಯೇ ಎಂದು ಹೇಳಲಾಗದು’ ಎಂಬುದಕ್ಕೂ ಇರುವ ಅಂತರವನ್ನು ನಾನು ಒಂದು ಸೊನ್ನೆಯ ಕೈಯಲ್ಲಿ ಅಳಿಸಿಹಾಕಿದ್ದೆ. ಕಿಲೊಗೆ 300 ರೂಪಾಯಿಯ ಬೆಳ್ಳುಳ್ಳಿಯನ್ನು ಗ್ರಾಮಿಗೆ 30 ಪೈಸೆ ಎಂದು ಬರೆದು, ಅಗ್ಗವಾಯಿತೆಂದು ಸಂತೋಷಪಟ್ಟ ಹಾಗೆ.

ಇಂಥದ್ದರಲ್ಲಿ ಪಿ-ಮೌಲ್ಯ ಕಾವಲು ಕಾಯುವುದಿಲ್ಲ ಎಂಬುದನ್ನು ಗಮನಿಸಬೇಕು. 0 ಮತ್ತು 10 ಎಂದು ಬರೆದರೂ 0 ಮತ್ತು 1 ಎಂದು ಬರೆದರೂ ಗುಣಾಂಕವೂ ಪ್ರಮಾಣಿತ ದೋಷವೂ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ ಅಥವಾ ಕುಗ್ಗುತ್ತವೆ, ಆದ್ದರಿಂದ ಪಿ-ಮೌಲ್ಯ 0.758 ಆಗಿಯೇ ಉಳಿಯುತ್ತದೆ. ಪಿ-ಮೌಲ್ಯವನ್ನಷ್ಟೇ ನೋಡುವ ಅಭ್ಯಾಸವಿದ್ದವರಿಗೆ ಎಲ್ಲವೂ ಸರಿಯಾಗಿದೆ ಎಂದೇ ಅನಿಸುತ್ತದೆ.

ವಿದ್ಯಾರ್ಥಿನಿಯ ಪ್ರಶ್ನೆಯನ್ನು ಲೆಕ್ಕದ ರೂಪಕ್ಕೆ ತಂದರೆ ಹೀಗೆ ಕಾಣುತ್ತದೆ. ಎರಡೇ ಗುಂಪುಗಳಿರುವ, 0 ಮತ್ತು 1 ಎಂದು ಬರೆದ ಚರದ ಗುಣಾಂಕದ ಪ್ರಮಾಣಿತ ದೋಷವನ್ನು ಅಂದಾಜು ಮಾಡಲು ಒಟ್ಟು ಸಾವುಗಳನ್ನು ಎರಡೂ ಗುಂಪುಗಳ ಪಾಲಿನಿಂದ ಗುಣಿಸಿ, ಅದರ ವರ್ಗಮೂಲದಿಂದ ಒಂದನ್ನು ಭಾಗಿಸಿದರೆ ಸಾಕು. ಇಲ್ಲಿ ಸಾವು 128, ಪಾಲು 0.29 ಮತ್ತು 0.71; ಗುಣಲಬ್ಧ ಸುಮಾರು 26, ವರ್ಗಮೂಲ ಐದಕ್ಕಿಂತ ತುಸು ಹೆಚ್ಚು, ಪ್ರಮಾಣಿತ ದೋಷ ಸುಮಾರು 0.19. ಬೇರೆ ಚರಗಳೂ ಜೊತೆಗಿರುವಾಗ ಅದು ಇನ್ನಷ್ಟು ಹಿಗ್ಗುತ್ತದೆಯೇ ಹೊರತು ಸಾಮಾನ್ಯವಾಗಿ ಕುಗ್ಗುವುದಿಲ್ಲ. ಕೋಷ್ಟಕದಲ್ಲಿದ್ದದ್ದು 0.023. 128 ಸಾವುಗಳಿಂದ ಅಷ್ಟು ನಿಖರತೆ ಹುಟ್ಟುವುದು ಅಸಾಧ್ಯ, ಆದ್ದರಿಂದ ಅಂಕಿಯಲ್ಲೇ ಏನೋ ಇದೆ ಎಂದು ಕೈಲೆಕ್ಕದಲ್ಲೇ ಗೊತ್ತಾಗಬೇಕಿತ್ತು. ಕೋಷ್ಟಕದಲ್ಲಿ ಚಿಕಿತ್ಸೆಯ ಸಾಲಿನ 0.2075 ಇದೇ ಅಂದಾಜಿಗೆ ಚೆನ್ನಾಗಿ ಹೊಂದುತ್ತದೆ. ಅಲ್ಲಿ ಕೈಲೆಕ್ಕದ ಉತ್ತರ 0.177.

ಒಂದು ಮತ್ತು ಎರಡು

ಹಾಗಾದರೆ ಚಿಕಿತ್ಸೆಯನ್ನು 1 ಮತ್ತು 2 ಎಂದು ಬರೆದದ್ದೂ ತಪ್ಪೇ ಎಂದು ಮುಂದಿನ ತರಗತಿಯಲ್ಲಿ ಕೇಳಿದರು. ಇಷ್ಟರಮಟ್ಟಿಗೆ ಅಲ್ಲ. ಎರಡರ ನಡುವಿನ ದೂರ ಒಂದೇ ಆಗಿರುವುದರಿಂದ 1.343 ಎಂಬುದು ರೂಢಿಯಿಂದ ಪರೀಕ್ಷೆಯ ಚಿಕಿತ್ಸೆಗೆ ಹೋದಾಗಿನ ಪೂರ್ತಿ ಅನುಪಾತವೇ. ಕಾಕ್ಸ್ ಮಾದರಿಯಲ್ಲಿ ಸ್ಥಿರಪದ ಎಂಬುದೇ ಇಲ್ಲ. ಎಲ್ಲರಿಗೂ ಒಂದನ್ನು ಕೂಡಿಸಿದರೆ ಆ ಹೆಚ್ಚುವರಿಯನ್ನು ಮೂಲ ಹಜಾರ್ಡ್ ನುಂಗಿಕೊಳ್ಳುತ್ತದೆ, ಅನುಪಾತ ಕದಲುವುದಿಲ್ಲ. ಆದರೆ ಆರ್ ಮುದ್ರಿಸುವ ಸಾಲಿನಲ್ಲಿ ಚರದ ಹೆಸರು ಮಾತ್ರ ಇರುತ್ತದೆ, ಯಾವುದರಿಂದ ಯಾವುದಕ್ಕೆ ಎಂಬುದು ಇರುವುದಿಲ್ಲ. ‘ಚಿಕಿತ್ಸೆ, 1.343’ ಎಂದಷ್ಟೇ ಓದಿದವನಿಗೆ 2 ಎಂದರೆ ರೂಢಿಯೋ ಪರೀಕ್ಷೆಯೋ ತಿಳಿಯದು. ತಿರುಗಿಸಿ ಓದಿದರೆ ಅದೇ ಫಲಿತಾಂಶ 0.745 ಆಗಿ, ಹಾನಿಯ ಸುಳಿವು ಲಾಭದ ಸುಳಿವಾಗಿಬಿಡುತ್ತದೆ. ಅಂಕಿಯ ಬದಲು ಹೆಸರುಗಳನ್ನೇ ಕೊಟ್ಟು ಗುಂಪು ಚರವೆಂದು ಘೋಷಿಸಿದರೆ ಸಾಲಿನಲ್ಲೇ ‘ಪರೀಕ್ಷೆ’ ಎಂದು ಮುದ್ರಣವಾಗುತ್ತದೆ, ಗೊಂದಲ ತಪ್ಪುತ್ತದೆ.

ಕೆಲವರು −1 ಮತ್ತು +1 ಎಂದು ಬರೆಯುತ್ತಾರೆ. ಪ್ರಯೋಗ ವಿನ್ಯಾಸದ ಪಾಠದಿಂದ ಬಂದವರಿಗೆ ಅದು ರೂಢಿ. ಆಗ ಇದೇ ದತ್ತಾಂಶದಲ್ಲಿ ಗುಣಾಂಕ ಅರ್ಧವಾಗಿ 0.147 ಆಗುತ್ತದೆ, ಮುದ್ರಿತ ಅನುಪಾತ 1.159. ಅದು ಎರಡು ಚಿಕಿತ್ಸೆಗಳ ನಡುವಿನ ಅನುಪಾತವಲ್ಲ. ಎರಡರ ನಡುಮಧ್ಯದಲ್ಲಿರುವ, ಯಾವ ರೋಗಿಯೂ ನಿಲ್ಲದ ಬಿಂದುವಿನಿಂದ ಅರ್ಧದಾರಿಯ ಅನುಪಾತ. ಅದನ್ನು ವರ್ಗ ಮಾಡಿದರೆ 1.343 ಮತ್ತೆ ಸಿಗುತ್ತದೆ.

ಪರಸ್ಪರ ಕ್ರಿಯೆಯ ಪದವನ್ನು ಸೇರಿಸಿದಾಗ ಮಾತ್ರ ಅಂಕಿಯ ಆರಂಭಬಿಂದು ಎಲ್ಲಿದೆ ಎಂಬುದು ನಿಜವಾಗಿಯೂ ಮುಖ್ಯವಾಗುತ್ತದೆ. ಚಿಕಿತ್ಸೆಯ ಪರಿಣಾಮ ರೋಗಿಯ ದೈಹಿಕ ಸ್ಥಿತಿಯನ್ನು ಅವಲಂಬಿಸಿದೆಯೇ ಎಂದು ನೋಡಲು ಚಿಕಿತ್ಸೆ ಮತ್ತು ಕಾರ್ನಾಫ್‌ಸ್ಕಿ ಅಂಕದ ಗುಣಲಬ್ಧವನ್ನು ಮಾದರಿಗೆ ಹಾಕಿದರೆ, ಚಿಕಿತ್ಸೆಯ ಒಂಟಿ ಸಾಲು ಇನ್ನು ಮುಂದೆ ಅಂಕ ಸೊನ್ನೆಯಾಗಿರುವವರಲ್ಲಿ ಚಿಕಿತ್ಸೆಯ ಪರಿಣಾಮವನ್ನು ಹೇಳುತ್ತದೆ. ಈ ಅಳತೆಗೋಲಿನಲ್ಲಿ 70ರಿಂದ 90 ಇರುವವರು ತಮ್ಮ ಕೆಲಸ ತಾವೇ ಮಾಡಿಕೊಳ್ಳಬಲ್ಲವರು, 40ರಿಂದ 60 ಎಂದರೆ ಭಾಗಶಃ ಆಸ್ಪತ್ರೆಯ ಆಸರೆ ಬೇಕಾದವರು, 10ರಿಂದ 30 ಎಂದರೆ ಪೂರ್ತಿ ಆಸ್ಪತ್ರೆಯಲ್ಲೇ ಇರುವವರು. ಸೊನ್ನೆ ಎಂದರೆ ಮೃತರು. ಸತ್ತವರಲ್ಲಿ ಕೀಮೊಥೆರಪಿಯ ಹಜಾರ್ಡ್ ಅನುಪಾತವನ್ನು ಪಿ-ಮೌಲ್ಯದ ಸಮೇತ ವರದಿ ಮಾಡಿದ ಕೋಷ್ಟಕಗಳನ್ನು ನಾನು ಕಂಡಿದ್ದೇನೆ. ಬರೆದವರಿಗೆ ತಾವು ಹಾಗೆ ಮಾಡುತ್ತಿದ್ದೇವೆ ಎಂಬ ಅರಿವಿರಲಿಲ್ಲ. ಅಂಕದಿಂದ 60ನ್ನು ಮೊದಲೇ ಕಳೆದುಬಿಟ್ಟರೆ ಅದೇ ಸಾಲು 60 ಅಂಕದ ರೋಗಿಯ ಬಗ್ಗೆ ಮಾತನಾಡತೊಡಗುತ್ತದೆ.

ನಾಲ್ಕು ಕೋಶಪ್ರಕಾರಗಳು, ನಾಲ್ಕು ಕನ್ನಡಿಗಳು

ಗುಂಪುಗಳು ಎರಡಕ್ಕಿಂತ ಹೆಚ್ಚಾದಾಗ ವಿಷಯ ಬಿಗಿಯಾಗುತ್ತದೆ. ಈ ಪ್ರಯೋಗದಲ್ಲಿ ಗೆಡ್ಡೆಯ ಕೋಶಪ್ರಕಾರ ನಾಲ್ಕು: ಸ್ಕ್ವೇಮಸ್ 35 ಮಂದಿ, ಸಣ್ಣಕೋಶ 48, ಅಡೆನೊ 27, ದೊಡ್ಡಕೋಶ 27. ಇವನ್ನು 1, 2, 3, 4 ಎಂದು ಗುರುತಿಸುವುದು ವಾಡಿಕೆ, ಮತ್ತು ಆ ಅಂಕಿಗಳನ್ನು ಹಾಗೆಯೇ ಹಿಂಚಲನೆಗೆ ಒಪ್ಪಿಸಿಬಿಟ್ಟರೆ ಯಂತ್ರ ಒಂದೇ ಒಂದು ಅನುಪಾತವನ್ನು ಮುದ್ರಿಸಿ ಸುಮ್ಮನಾಗುತ್ತದೆ. ಆ ಒಂದು ಅನುಪಾತದ ಹಿಂದೆ ಅಡಗಿರುವ ವಾದವೇನೆಂದರೆ, ಸ್ಕ್ವೇಮಸ್‌ನಿಂದ ಸಣ್ಣಕೋಶಕ್ಕೆ ಹಜಾರ್ಡ್ ಎಷ್ಟು ಪಟ್ಟು ಏರುತ್ತದೋ ಸಣ್ಣಕೋಶದಿಂದ ಅಡೆನೊಗೂ ಅಡೆನೊದಿಂದ ದೊಡ್ಡಕೋಶಕ್ಕೂ ಅಷ್ಟೇ ಪಟ್ಟು ಏರಬೇಕು. ವಾಸ್ತವದಲ್ಲಿ ಕೋಷ್ಟಕ ತೋರಿಸುವ ಕ್ರಮ 1, 2.37, 3.31, 1.49, ಹತ್ತಿ ಇಳಿಯುವ ಈ ದಾರಿಯ ಮೇಲೆ ನೇರಗೆರೆ ಎಳೆದರೆ ಅದು ದೊಡ್ಡಕೋಶವನ್ನು ಎಲ್ಲಕ್ಕಿಂತ ಅಪಾಯಕಾರಿ ಎನ್ನಬೇಕಾಗುತ್ತದೆ, ಇಲ್ಲವೇ ನಾಲ್ಕೂ ಹೆಚ್ಚುಕಡಿಮೆ ಒಂದೇ ಎನ್ನಬೇಕಾಗುತ್ತದೆ. ಎರಡೂ ಸುಳ್ಳು. ಊರುಗಳಿಗೆ ಪಿನ್‌ಕೋಡ್ ಕೊಟ್ಟು, ಪಿನ್‌ಕೋಡ್ ಒಂದು ಏರಿದರೆ ಮಳೆ ಎಷ್ಟು ಹೆಚ್ಚುತ್ತದೆ ಎಂದು ಕೇಳುವ ಹಾಗೆ.

ಹೀಗಾಗಿ ನಾಲ್ಕು ಗುಂಪಿಗೆ ಮೂರು ಸೂಚಕ ಚರಗಳು (ಆ ಗುಂಪಿನವರಿಗೆ 1, ಉಳಿದವರಿಗೆ 0) ಬೇಕು, ನಾಲ್ಕನೆಯ ಗುಂಪು ಆಧಾರವಾಗಿ ನಿಲ್ಲುತ್ತದೆ. ಯಾವುದು ಆಧಾರ ಎಂಬುದನ್ನು ಬರೆದವರು ಹೇಳದಿದ್ದರೆ ತಂತ್ರಾಂಶವೇ ತನ್ನ ಅಭ್ಯಾಸದ ಪ್ರಕಾರ ಆರಿಸುತ್ತದೆ. ಸ್ಟಾಟಾ ಅತಿ ಚಿಕ್ಕ ಅಂಕಿಯನ್ನು ಆರಿಸುತ್ತದೆ. ಆರ್ ಮೊದಲ ಮಟ್ಟವನ್ನು ಆರಿಸುತ್ತದೆ, ಮತ್ತು ಗುಂಪಿನ ಹೆಸರುಗಳನ್ನು ಅಕ್ಷರರೂಪದಲ್ಲಿ ಓದಿಕೊಂಡಾಗ ಇಂಗ್ಲಿಷ್ ಅಕಾರಾದಿಯಲ್ಲಿ ಮೊದಲು ಬರುವುದೇ ಅದಕ್ಕೆ ಮೊದಲ ಮಟ್ಟ. ಸ್ಯಾಸ್‌ನ ಕಾಕ್ಸ್ ಹಿಂಚಲನೆಯು ಅಕಾರಾದಿಯ ಕೊನೆಯದನ್ನು ಆರಿಸುತ್ತದೆ. ಪ್ಯಾಕೇಜಿನೊಳಗಿನ ಕಡತದಲ್ಲಿ ಮಟ್ಟಗಳ ಕ್ರಮ ಮೊದಲೇ ನಿಗದಿಯಾಗಿರುವುದರಿಂದ ಸ್ಕ್ವೇಮಸ್ ಆಧಾರವಾಗಿ ಮೇಲಿನ ಕೋಷ್ಟಕ ಬಂತು. ಅದೇ ದತ್ತಾಂಶವನ್ನು ಪಠ್ಯಕಡತಕ್ಕೆ ಬರೆದು ಮತ್ತೆ ಆರ್‌ಗೆ ಓದಿಸಿದ ವಿದ್ಯಾರ್ಥಿಯೊಬ್ಬನಿಗೆ ಅಡೆನೊ ಆಧಾರವಾಯಿತು; ಅವನ ಕೋಷ್ಟಕದಲ್ಲಿ ಸ್ಕ್ವೇಮಸ್ 0.302, ಸಣ್ಣಕೋಶ 0.716, ದೊಡ್ಡಕೋಶ 0.452. ಪಕ್ಕದವನ ಕೋಷ್ಟಕದಲ್ಲಿ ಮೂರೂ ಒಂದಕ್ಕಿಂತ ಹೆಚ್ಚು, ಇವನದರಲ್ಲಿ ಮೂರೂ ಕಡಿಮೆ. ಇಬ್ಬರೂ ಸ್ವಲ್ಪ ಹೊತ್ತು ಜಗಳವಾಡಿದರು. ಆಮೇಲೆ ನಾನು 1ನ್ನು 3.307ರಿಂದ ಭಾಗಿಸಲು, 2.367ನ್ನೂ 1.494ನ್ನೂ ಅದೇ 3.307ರಿಂದ ಭಾಗಿಸಲು ಹೇಳಿದೆ. ಎರಡೂ ಒಂದೇ ಮಾದರಿ, ನಿಂತ ಜಾಗ ಬೇರೆ.

ನಿಂತ ಜಾಗ ಬದಲಾದಾಗ ಅನುಪಾತವನ್ನು ಭಾಗಾಕಾರದಿಂದ ಪಡೆಯಬಹುದು. ಪ್ರಮಾಣಿತ ದೋಷವನ್ನು ಹಾಗೆ ಪಡೆಯಲು ಬರುವುದಿಲ್ಲ. ಅಡೆನೊ ಮತ್ತು ಸಣ್ಣಕೋಶದ ನಡುವಿನ ಅನುಪಾತ 3.307 ಭಾಗಿಸು 2.367, ಅಂದರೆ 1.40 ಎಂಬುದು ಕೋಷ್ಟಕದಿಂದಲೇ ಸಿಗುತ್ತದೆ, ಆದರೆ ಅದರ ವಿಶ್ವಾಸ ಅಂತರಕ್ಕೆ ಎರಡೂ ಗುಣಾಂಕಗಳ ಸಹವ್ಯತ್ಯಯ (ಎರಡೂ ಒಟ್ಟಿಗೆ ಏರಿಳಿಯುವ ಪ್ರಮಾಣ) ಬೇಕು, ಏಕೆಂದರೆ ಎರಡೂ ಒಂದೇ ಸ್ಕ್ವೇಮಸ್ ಗುಂಪಿಗೆ ಹೋಲಿಸಿ ಬಂದವು, ಆ ಗುಂಪಿನ ಏರುಪೇರು ಎರಡರಲ್ಲೂ ಹಂಚಿಹೋಗಿದೆ. ಎರಡು ವಿಶ್ವಾಸ ಅಂತರಗಳು ಒಂದರ ಮೇಲೊಂದು ಬಿದ್ದಿವೆ, ಆದ್ದರಿಂದ ವ್ಯತ್ಯಾಸವಿಲ್ಲ ಎಂಬ ಕಣ್ಣಳತೆಯ ತೀರ್ಪು ಇಲ್ಲಿ ನಡೆಯದು. ಆಧಾರವನ್ನು ಬದಲಿಸಿ ಮಾದರಿಯನ್ನು ಮತ್ತೊಮ್ಮೆ ಓಡಿಸುವುದೇ ಸುಲಭದ ದಾರಿ.

ದೊಡ್ಡಕೋಶದ ಪಿ-ಮೌಲ್ಯ 0.156 ಎಂಬುದನ್ನು ಕಂಡು, ‘ದೊಡ್ಡಕೋಶ ಮುಖ್ಯವಲ್ಲ, ತೆಗೆದುಹಾಕೋಣ’ ಎಂದು ಒಬ್ಬರು ಸೂಚಿಸಿದರು. ಒಂದು ಸೂಚಕ ಚರವನ್ನು ಮಾತ್ರ ಮಾದರಿಯಿಂದ ತೆಗೆದರೆ ಆ ರೋಗಿಗಳು ಮಾಯವಾಗುವುದಿಲ್ಲ. ಅವರು ಸದ್ದಿಲ್ಲದೆ ಸ್ಕ್ವೇಮಸ್ ಗುಂಪಿಗೆ ಸೇರಿಕೊಳ್ಳುತ್ತಾರೆ, ಆಧಾರವೇ ಕಲಬೆರಕೆಯಾಗಿ ಉಳಿದ ಎರಡೂ ಅನುಪಾತಗಳು ಬದಲಾಗುತ್ತವೆ. ಕೋಶಪ್ರಕಾರ ಮುಖ್ಯವೋ ಅಲ್ಲವೋ ಎಂಬುದು ಮೂರೂ ಸಾಲುಗಳಿಗೆ ಒಟ್ಟಾಗಿ ಕೇಳಬೇಕಾದ ಪ್ರಶ್ನೆ. ಬೇರಾವ ಚರವನ್ನೂ ಸೇರಿಸದೆ, ಗುಂಪುಗಳ ಬದುಕುಳಿಕೆಯನ್ನು ನೇರವಾಗಿ ಹೋಲಿಸುವ ಲಾಗ್‌ರ್‍ಯಾಂಕ್ ಪರೀಕ್ಷೆಯಲ್ಲಿ ಹಾಗೆ ಕೇಳಿದಾಗ ಮೂರು ಸ್ವಾತಂತ್ರ್ಯಮಟ್ಟಗಳ ಮೇಲೆ ಕೈವರ್ಗ 25.4 ಬರುತ್ತದೆ, ಅನುಮಾನಕ್ಕೆ ಎಡೆಯೇ ಇಲ್ಲ.

ಯಾವ ಗುಂಪನ್ನೂ ಆಧಾರ ಮಾಡದೆ ನಾಲ್ಕರ ಸರಾಸರಿಗೆ ಹೋಲಿಸುವ ವಿಧಾನವೂ ಇದೆ. ಹಾಗೆ ಮಾಡಿದರೆ ಸ್ಕ್ವೇಮಸ್ 0.54, ಸಣ್ಣಕೋಶ 1.28, ಅಡೆನೊ 1.79, ದೊಡ್ಡಕೋಶ 0.81 ಆಗುತ್ತವೆ. ಯಾರನ್ನೂ ಮೇಲೆ ಕೂರಿಸದ ಈ ಏರ್ಪಾಡು ನ್ಯಾಯವಾಗಿ ಕಂಡರೂ, ಆ ಸರಾಸರಿಯು ಲಘುಗಣಕದ ಅಳತೆಯಲ್ಲಿ ನಾಲ್ಕು ಗುಂಪುಗಳಿಗೂ ಸಮತೂಕ ಕೊಟ್ಟ ಸರಾಸರಿ, 48 ಮಂದಿಯ ಗುಂಪಿಗೂ 27 ಮಂದಿಯ ಗುಂಪಿಗೂ ಒಂದೇ ಮರ್ಯಾದೆ. ವೈದ್ಯರಿಗೆ ಇದನ್ನು ವಿವರಿಸುವುದು ಕಷ್ಟ ಎಂಬುದು ನನ್ನ ಅನುಭವ, ನಾನು ಬಳಸುವುದಿಲ್ಲ.

ಅನುಪಾತ ಏನನ್ನು ಹೇಳುವುದಿಲ್ಲ

ಕೋಡ್, ಅಂದರೆ ಗುಂಪಿಗೆ ಕೊಟ್ಟ ಅಂಕಿ, ಸರಿಯಾದ ಮೇಲೂ ಅರ್ಥ ಸರಿಯಾಗುವುದಿಲ್ಲ. 1.343 ಎಂದರೆ ಪರೀಕ್ಷೆಯ ಗುಂಪಿನಲ್ಲಿ ಶೇ. 34ರಷ್ಟು ಹೆಚ್ಚು ಮಂದಿ ಸತ್ತರು ಎಂದಲ್ಲ. ಎರಡೂ ಗುಂಪುಗಳಲ್ಲಿ ಸತ್ತವರು ತಲಾ 64. 69ರಲ್ಲಿ 64, 68ರಲ್ಲಿ 64. ಕೊನೆಯಲ್ಲಿ ಬಹುತೇಕ ಎಲ್ಲರೂ ಸಾಯುವ ರೋಗದಲ್ಲಿ ಸಾವಿನ ಪ್ರಮಾಣಗಳ ಅನುಪಾತ ಒಂದರ ಹತ್ತಿರವೇ ಇರುತ್ತದೆ, ಹಜಾರ್ಡ್ ಅನುಪಾತ ಎಷ್ಟಾದರೂ ಇರಬಹುದು. ಆಯುಷ್ಯ ಮೂರನೆಯ ಒಂದು ಭಾಗ ಕಡಿಮೆಯಾಯಿತು ಎಂದೂ ಅಲ್ಲ. ಅದು ಹೇಳುವುದು ವೇಗವನ್ನು: ಇದುವರೆಗೆ ಬದುಕಿರುವವರ ನಡುವೆ, ಈ ಹೊತ್ತಿನ ಸಾವಿನ ತೀವ್ರತೆ. ಶ್ರೋತೃಗಳಿಗೆ ನಾನು ಕೊಡುವ ಇನ್ನೊಂದು ರೂಪ ಹೀಗಿದೆ. ಅನುಪಾತವನ್ನು ಅದಕ್ಕೆ ಒಂದು ಕೂಡಿಸಿ ಬಂದ ಮೊತ್ತದಿಂದ ಭಾಗಿಸಿದರೆ, ಉಳಿದೆಲ್ಲ ಚರಗಳಲ್ಲಿ ಸಮಾನರಾದ ಇಬ್ಬರಲ್ಲಿ ಪರೀಕ್ಷೆಯ ಚಿಕಿತ್ಸೆ ಪಡೆದವನು ಮೊದಲು ಸಾಯುವ ಸಂಭವನೀಯತೆ ಸಿಗುತ್ತದೆ, 1.343ಕ್ಕೆ ಅದು 0.57. ಅಡೆನೊ ಮತ್ತು ಸ್ಕ್ವೇಮಸ್ ಜೋಡಿಯಲ್ಲಿ 0.77. ಅನುಪಾತ ಕಾಲದುದ್ದಕ್ಕೂ ಸ್ಥಿರವಾಗಿದೆ ಎಂಬ ಷರತ್ತಿನ ಮೇಲೆ ಮಾತ್ರ.

ಆ ಷರತ್ತೇ ಈ ದತ್ತಾಂಶದಲ್ಲಿ ಕೈಕೊಡುತ್ತದೆ. ಮಧ್ಯಾಂಕ ಬದುಕುಳಿಕೆಯನ್ನು (ಗುಂಪಿನ ಅರ್ಧದಷ್ಟು ಮಂದಿ ಸಾಯುವ ಹೊತ್ತಿಗೆ ಕಳೆದ ದಿನಗಳನ್ನು) ನೋಡಿ: ರೂಢಿಯ ಗುಂಪಿಗೆ 103 ದಿನ, ಪರೀಕ್ಷೆಯ ಗುಂಪಿಗೆ 52.5. ಅರ್ಧದಷ್ಟು. ಬೇರೇನನ್ನೂ ಸೇರಿಸದೆ ಚಿಕಿತ್ಸೆಯೊಂದರ ಹಜಾರ್ಡ್ ಅನುಪಾತ ತೆಗೆದರೆ ಮಾತ್ರ 1.018, ಅಂದರೆ ವ್ಯತ್ಯಾಸವೇ ಇಲ್ಲವೆನ್ನುವಷ್ಟು. ಎರಡೂ ನಿಜ. ರೂಢಿಯ ಗುಂಪಿನಲ್ಲಿ ಅತಿ ಹೆಚ್ಚು ಬದುಕಿದವನು 553 ದಿನ ಬದುಕಿದ. ಪರೀಕ್ಷೆಯ ಗುಂಪಿನಲ್ಲಿ 587, 991, 999 ದಿನ ಬದುಕಿದವರಿದ್ದಾರೆ, ಮೂವರೂ ಸ್ಕ್ವೇಮಸ್. ಮೊದಲ ತಿಂಗಳುಗಳಲ್ಲಿ ಹಿಂದೆ ಬಿದ್ದ ಗುಂಪು ಆಮೇಲೆ ಮುಂದಾಗಿ, ಎರಡು ಬದುಕುಳಿಕೆ ರೇಖೆಗಳೂ ಒಂದನ್ನೊಂದು ದಾಟುತ್ತವೆ, ಒಂದೇ ಅನುಪಾತವು ಆರಂಭದ ನಷ್ಟವನ್ನೂ ಕೊನೆಯ ಲಾಭವನ್ನೂ ಕೂಡಿಸಿ ಸೊನ್ನೆ ಮಾಡಿಬಿಡುತ್ತದೆ.

ದೊಡ್ಡಕೋಶದ ಕಥೆ ಇದಕ್ಕಿಂತ ಚೋದ್ಯ. ಅದರ ಮಧ್ಯಾಂಕ 156 ದಿನ, ಸ್ಕ್ವೇಮಸ್‌ನದು 118. ಮಧ್ಯಾಂಕದ ಪ್ರಕಾರ ದೊಡ್ಡಕೋಶದವರೇ ಮೇಲು. ಆದರೂ ಅವರ ಹಜಾರ್ಡ್ ಅನುಪಾತ ಸ್ಕ್ವೇಮಸ್‌ಗೆ ಹೋಲಿಸಿದಾಗ ಒಂಟಿಯಾಗಿ 1.26, ಉಳಿದ ಚರಗಳೊಂದಿಗೆ 1.49. ಮೊದಲ ಸಲ ಇದನ್ನು ಕಂಡಾಗ ಕೋಡ್ ಮತ್ತೆ ತಿರುಗಿಬಿದ್ದಿದೆ ಎಂದೇ ಭಾವಿಸಿ ಅರ್ಧ ಗಂಟೆ ಹುಡುಕಿದೆ. ಕೋಡ್ ಸರಿಯಾಗಿಯೇ ಇತ್ತು. ಮಧ್ಯಾಂಕ ಎಂಬುದು ರೇಖೆಯ ಒಂದು ಬಿಂದು, ಅನುಪಾತ ಇಡೀ ರೇಖೆಯುದ್ದಕ್ಕೂ ನಡೆದ ಸಾವುಗಳ ತೂಕ. ಸ್ಕ್ವೇಮಸ್ ಗುಂಪಿನ ಉದ್ದನೆಯ ಬಾಲ ಮಧ್ಯಾಂಕಕ್ಕೆ ಕಾಣುವುದಿಲ್ಲ. ಸ್ಥಿರತೆಯ ಪರೀಕ್ಷೆ ನಡೆಸಿದಾಗ ಕೋಶಪ್ರಕಾರವೂ ಕಾರ್ನಾಫ್‌ಸ್ಕಿ ಅಂಕವೂ ಎರಡೂ ಅನುತ್ತೀರ್ಣವಾಗುತ್ತವೆ.

ಕಾರ್ನಾಫ್‌ಸ್ಕಿ ಅಂಕದ್ದು ಮೊದಲ ನೋಟಕ್ಕೆ ಹಿಂದಿನ ಚಿಕಿತ್ಸೆಯದೇ ತೊಂದರೆ. 0.968 ಎಂದರೆ ಜುಜುಬಿ ಎನಿಸುತ್ತದೆ; ಅದು ಒಂದು ಅಂಕಕ್ಕೆ, ವೈದ್ಯರು ಅಂಕ ಕೊಡುವುದು ಹತ್ತತ್ತರ ಲೆಕ್ಕದಲ್ಲಿ. ಹತ್ತು ಅಂಕಕ್ಕೆ 0.72, ವಿಶ್ವಾಸ ಅಂತರ 0.65ರಿಂದ 0.80. 40 ಅಂಕದವನಿಗೂ 80 ಅಂಕದವನಿಗೂ ಹೋಲಿಸಿದರೆ 0.27, ಅಂದರೆ ನಾಲ್ಕನೆಯ ಒಂದು ಭಾಗದ ಆಸುಪಾಸು. ಮಾದರಿಯಲ್ಲೇ ಅತ್ಯಂತ ಬಲವಾದ ಚರ ಇದು. ಆದರೆ ಆ ಬಲ ಎಲ್ಲಿಯವರೆಗೆ? ಚಿಕಿತ್ಸೆ, ಹಿಂದಿನ ಚಿಕಿತ್ಸೆ ಮತ್ತು ಅಂಕ ಈ ಮೂರನ್ನೇ ಇಟ್ಟುಕೊಂಡು ಕಾಲವನ್ನು 90 ಮತ್ತು 180 ದಿನಗಳಲ್ಲಿ ಕತ್ತರಿಸಿ, ಪ್ರತಿ ತುಂಡಿಗೂ ಅಂಕದ ಬೇರೆ ಗುಣಾಂಕ ಕೊಟ್ಟರೆ ಮೊದಲ ತುಂಡಿನಲ್ಲಿ −0.049, ಎರಡನೆಯದರಲ್ಲಿ 0.008, ಮೂರನೆಯದರಲ್ಲಿ −0.008 ಬರುತ್ತದೆ. ಹತ್ತು ಅಂಕದ ಲೆಕ್ಕದಲ್ಲಿ ಹೇಳುವುದಾದರೆ ಮೊದಲ ಮೂರು ತಿಂಗಳಲ್ಲಿ ಅನುಪಾತ 0.61, ಆಮೇಲೆ ಒಂದರಿಂದ ಬೇರ್ಪಡಿಸಲಾಗದಷ್ಟು ಹತ್ತಿರ. ಪ್ರಯೋಗಕ್ಕೆ ಸೇರಿದ ದಿನ ತೆಗೆದುಕೊಂಡ ಅಂಕ ಮೂರು ತಿಂಗಳು ಬದುಕಿದವನ ಬಗ್ಗೆ ಹಳೆಯ ಸುದ್ದಿಯಾಗಿರುತ್ತದೆ, ಅದರಲ್ಲಿ ಅಚ್ಚರಿಯಿಲ್ಲ. ಕೋಷ್ಟಕದ 0.968 ಈ ಎರಡು ಕಾಲಗಳ ಬೆರಕೆ.

ಚಿಕಿತ್ಸೆಯ ಅನುಪಾತ ಒಂಟಿಯಾಗಿ 1.018 ಇದ್ದದ್ದು ಇತರ ಚರಗಳೊಂದಿಗೆ 1.343 ಆದದ್ದರ ಬಗ್ಗೆ ಒಂದು ಮಾತು. ಯಾದೃಚ್ಛಿಕ ಹಂಚಿಕೆಯಲ್ಲಿಯೂ ಗುಂಪುಗಳು ಆಕಸ್ಮಿಕವಾಗಿ ಸ್ವಲ್ಪ ವಾಲಿರಬಹುದು. ಅದಲ್ಲದೆ ಬಲವಾದ ಚರಗಳನ್ನು ಸೇರಿಸಿದಾಗ ಹಜಾರ್ಡ್ ಅನುಪಾತ ತಾನಾಗಿಯೇ ಒಂದರಿಂದ ದೂರ ಸರಿಯುವ ಗುಣ ಈ ಅಳತೆಗೇ ಇದೆ, ಏಕೆಂದರೆ ಒಂದು ಎಲ್ಲರ ಸರಾಸರಿಯಲ್ಲಿ ಕೇಳಿದ ಪ್ರಶ್ನೆ, ಇನ್ನೊಂದು ಒಂದೇ ಬಗೆಯ ರೋಗಿಗಳ ನಡುವೆ ಕೇಳಿದ ಪ್ರಶ್ನೆ. ಹಾಗಿದ್ದರೂ 1.343ರ ವಿಶ್ವಾಸ ಅಂತರ 0.89ರಿಂದ 2.02, ಪರೀಕ್ಷೆಯ ಔಷಧ ಕೆಟ್ಟದ್ದು ಎಂದು ಬರೆಯಲು ಇಷ್ಟು ಸಾಲದು.

ಮರುದಿನದ ತರಗತಿಯಲ್ಲಿ ಬೋರ್ಡಿನ ವಾಕ್ಯವನ್ನು ತಿದ್ದಿದೆ. ಹಿಂದಿನ ಚಿಕಿತ್ಸೆಯನ್ನು ಹೆಸರಿರುವ ಗುಂಪು ಚರವಾಗಿ ಮಾಡಿ ಅಲ್ಲೇ ಮಾದರಿಯನ್ನು ಓಡಿಸಿದಾಗ ಪ್ರಮಾಣಿತ ದೋಷ 0.232 ಎಂದು ಬಂತು; ವಿದ್ಯಾರ್ಥಿನಿ ತನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದ 0.19ರ ಅಂದಾಜಿನ ಪಕ್ಕ ಅದನ್ನು ಗುರುತು ಹಾಕಿಕೊಂಡಳು. ಬೋರ್ಡಿನ ಮೇಲೆ ಉಳಿದ ಸಾಲು ಇದು: ‘ಹಿಂದೆ ಚಿಕಿತ್ಸೆ ಪಡೆದ 40 ಮಂದಿ, ಪಡೆಯದ 97 ಮಂದಿಗೆ ಹೋಲಿಸಿದಾಗ, 1.07 (0.68ರಿಂದ 1.69).’